ಗೇಮ್ ಝೋನ್ ಟಿಕೆಟ್: ಲೆಕ್ಕ ಹೇಗೆ, ಜೂಜು ಎಲ್ಲಿಂದ ಶುರು? (ಪ್ರಶ್ನೋತ್ತರ)

ಪ್ರಶ್ನೆ | ದಾವಣಗೆರೆಯ ಸದಸ್ಯರು

ನಮಸ್ಕಾರ. ಮಾಲ್‌ನ ಎರಡನೇ ಮಹಡಿಯಲ್ಲಿ 1,800 ಚದರಡಿ ಜಾಗಕ್ಕೆ ಮಾತುಕತೆ ನಡೀತಿದೆ. ಮಕ್ಕಳ ಗೇಮ್ ಝೋನ್ ಮಾಡೋ ಯೋಚನೆ. ಬಾಸ್ಕೆಟ್‌ಬಾಲ್ ಮಷಿನ್ ಎರಡು, ಸುತ್ತಿಗೆ ಆಟ ಒಂದು, ಬೊಂಬೆ ಎತ್ತುವ ಕ್ಲಾ ಮಷಿನ್ ಎರಡು, ಬಟನ್ ಒತ್ತಿ ಚಕ್ರ ನಿಲ್ಲಿಸೋ ಮಷಿನ್ ಒಂದು. ಆಡಿದ್ದಕ್ಕೆ ಟಿಕೆಟ್, ಟಿಕೆಟ್‌ಗೆ ಕೌಂಟರ್‌ನಲ್ಲಿ ಬಹುಮಾನ. ಮಷಿನ್ ಮಾರುವವರು "ಸೆಟ್ಟಿಂಗ್ ಎಲ್ಲಾ ನಾವೇ ಮಾಡಿಕೊಡ್ತೀವಿ" ಅಂತಾರೆ. ಪರಿಚಯದವರೊಬ್ಬರು "ದುಡ್ಡು ಕಟ್ಟಿ ಬಹುಮಾನ ಗೆಲ್ಲೋದು ಅಂದ್ರೆ ಜೂಜೇ" ಅಂತ ಹೆದರಿಸಿದ್ದಾರೆ. ಒಂದು ಆಟಕ್ಕೆ ಎಷ್ಟು ಟಿಕೆಟ್ ಇಡಬೇಕು? ಕಾನೂನು ಏನು ಹೇಳುತ್ತೆ?

ಉತ್ತರ | ಗೇಮ್ ಝೋನ್ ನಿರ್ವಹಣೆ ಮಾಡುವವರು

ಲೆಕ್ಕದ ಪ್ರಶ್ನೆಗೆ ನಾನು ಹೇಳ್ತೀನಿ, ಕಾನೂನನ್ನು ವಕೀಲರು ನೋಡಿಕೊಳ್ಳಲಿ.

ಲೆಕ್ಕವನ್ನು ಟಿಕೆಟ್ ಸಂಖ್ಯೆಯಿಂದ ಶುರು ಮಾಡಬೇಡಿ, ಬಹುಮಾನಕ್ಕೆ ಎಷ್ಟು ಖರ್ಚು ಮಾಡಬಲ್ಲಿರಿ ಅನ್ನೋದರಿಂದ ಶುರು ಮಾಡಿ. ಒಂದು ಸ್ವೈಪ್‌ಗೆ, ಅಂದರೆ ಕಾರ್ಡ್ ಉಜ್ಜಿ ಆಡುವ ಒಂದು ಆಟಕ್ಕೆ, ₹59 ಅಂತಿಟ್ಟುಕೊಳ್ಳಿ. ಅದರೊಳಗೆ 18% ಜಿಎಸ್‌ಟಿ ಸೇರಿದ್ದರೆ ನಿಮ್ಮ ಕೈಗೆ ಬರೋದು ₹50. ಹೊಸಬರು ಎಡವೋದು ಇಲ್ಲೇ: ಶೇಕಡಾವಾರನ್ನು ₹59ರ ಮೇಲೆ ಹಾಕಿಕೊಂಡು, ತಿಂಗಳ ಕೊನೆಗೆ ಬಹುಮಾನದ ಖರ್ಚು ಯಾಕೆ ಜಾಸ್ತಿಯಾಯ್ತು ಅಂತ ತಲೆ ಕೆರೆದುಕೊಳ್ತಾರೆ. ₹50ರಲ್ಲಿ 25% ಬಹುಮಾನಕ್ಕೆ ಅಂದರೆ ₹12.50. ಒಂದು ಟಿಕೆಟ್‌ನ ಬೆಲೆ 25 ಪೈಸೆ ಅಂತ ನಿಗದಿ ಮಾಡಿದರೆ ಆಟಕ್ಕೆ ಸರಾಸರಿ 50 ಟಿಕೆಟ್.

ಇದು ಸರಾಸರಿ ಮಾತ್ರ. ಜಾಕ್‌ಪಾಟ್ ಇರುವ ಮಷಿನ್‌ನಲ್ಲಿ ಇದನ್ನು ಒಡೆಯಬೇಕು. ಸಾಮಾನ್ಯ ಆಟಕ್ಕೆ ಸರಾಸರಿ 30 ಟಿಕೆಟ್ ಹೋದರೆ ಜಾಕ್‌ಪಾಟ್ ಪಾಲಿಗೆ ಆಟಕ್ಕೆ 20 ಉಳಿಯುತ್ತೆ. ಜಾಕ್‌ಪಾಟ್ 1,000 ಟಿಕೆಟ್ ಆದರೆ ಅದು 50 ಆಟಕ್ಕೊಮ್ಮೆ ಬಿದ್ದರೆ ಸರಿ. 25 ಆಟಕ್ಕೊಮ್ಮೆ ಬೀಳತೊಡಗಿತೋ, ಸರಾಸರಿ 70 ಟಿಕೆಟ್ ಆಗುತ್ತೆ, ಅಂದರೆ ₹17.50, ಬಹುಮಾನದ ಖರ್ಚು 35%. ಪ್ರತಿ ಮಷಿನ್‌ಗೂ ವಾರಕ್ಕೊಮ್ಮೆ ಎರಡು ಅಂಕಿ ಬರೆದಿಡಿ: ಎಷ್ಟು ಆಟ, ಎಷ್ಟು ಟಿಕೆಟ್. ಭಾಗಿಸಿದರೆ ರೋಗ ಯಾವ ಮಷಿನ್‌ನಲ್ಲಿದೆ ಅಂತ ಗೊತ್ತಾಗುತ್ತೆ.

ಏನೂ ಗೆಲ್ಲದ ಮಗುವಿಗೂ ನಾಲ್ಕೈದು ಟಿಕೆಟ್ ಬರುವಂತೆ ಮಷಿನ್‌ನ ಸೆಟ್ಟಿಂಗ್ ಮೆನುವಿನಲ್ಲಿ ಕನಿಷ್ಠ ಟಿಕೆಟ್ ಇಡಿ. ಬರಿಗೈಯಲ್ಲಿ ಅಳುವ ಮಗುವಿನ ಮನೆಯವರು ಮತ್ತೆ ಬರಲ್ಲ.

ಕೌಂಟರ್‌ನಲ್ಲಿ: ಸಾಗಣೆ ಸೇರಿ ₹100 ಬಿದ್ದ ಸಾಮಾನಿಗೆ 400 ಟಿಕೆಟ್. ಆದರೆ ₹5ರ ರಬ್ಬರ್, ಸ್ಟಿಕರ್‌ಗೆ 20ರ ಬದಲು 40 ಇಟ್ಟರೂ ನಡೆಯುತ್ತೆ. ದೊಡ್ಡ ಸಾಮಾನಿನ ಮೇಲೆ ಹಾಗೆ ಏರಿಸಬೇಡಿ, ಅಪ್ಪಂದಿರು ಫೋನ್ ತೆಗೆದು ಅಲ್ಲೇ ಆನ್‌ಲೈನ್ ಬೆಲೆ ನೋಡ್ತಾರೆ.

ಮರುಪ್ರಶ್ನೆ | ದಾವಣಗೆರೆಯ ಸದಸ್ಯರು

ಕಾಗದದ ಟಿಕೆಟ್ ಇಡೋದಾ, ಕಾರ್ಡಿನಲ್ಲೇ ಜಮಾ ಆಗೋದಾ? ಕಾಗದ ಮಕ್ಕಳಿಗೆ ಖುಷಿ ಅಂತಾರೆ.

ಉತ್ತರ | ಮಷಿನ್ ಸರ್ವಿಸ್ ಮಾಡುವವರು

ಖುಷಿ ನಿಜ, ಕೆಲಸವೂ ಅಷ್ಟೇ. ಟಿಕೆಟ್ ಬರೋದು ಮಡಿಕೆ ಮಡಿಕೆಯಾಗಿ 2,000ದ ಕಟ್ಟಿನಲ್ಲಿ. ಪ್ರತಿ ಟಿಕೆಟ್‌ನ ಅಂಚಿನಲ್ಲಿ ಒಂದು ಕಚ್ಚು ಇರುತ್ತೆ. ಟಿಕೆಟ್ ಹೊರಹಾಕುವ ಡಿಸ್ಪೆನ್ಸರ್‌ನ ರೋಲರ್ ಟಿಕೆಟ್ ಎಳೆಯುವಾಗ ಬೆಳಕಿನ ಸೆನ್ಸರ್ ಆ ಕಚ್ಚನ್ನು ನೋಡಿ "ಒಂದು ಹೋಯ್ತು" ಅಂತ ಮಷಿನ್ ನಡೆಸುವ ಸರ್ಕ್ಯೂಟ್ ಬೋರ್ಡ್‌ಗೆ ತಿಳಿಸುತ್ತೆ. ಸೆನ್ಸರ್ ಮೇಲೆ ಕಾಗದದ ಧೂಳು ಕೂತರೆ ಕಚ್ಚು ಕಾಣಲ್ಲ. ಬೋರ್ಡ್ ಇನ್ನೂ ಕೊಡಬೇಕು ಅಂದುಕೊಂಡು ಮೋಟರ್ ಓಡಿಸ್ತಾನೇ ಇರುತ್ತೆ, 10 ಕೊಡಬೇಕಾದಲ್ಲಿ 40 ಹೊರಬರುತ್ತೆ. ಕಟ್ಟನ್ನು ತಿರುಗುಮುರುಗು ಹಾಕಿದರೂ ಇದೇ ಕಥೆ. ವಾರಕ್ಕೊಮ್ಮೆ ಸಣ್ಣ ಬ್ರಷ್‌ನಿಂದ ಸೆನ್ಸರ್ ಒರೆಸಿ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಊದಿಕೊಂಡು ಬಾಯಲ್ಲಿ ಸಿಕ್ಕಿಕೊಳ್ಳುತ್ತೆ. ಒಡೆದ ಕಟ್ಟನ್ನು ಮುಚ್ಚಿದ ಡಬ್ಬದಲ್ಲಿಡಿ. ನಡುವೆ ಟಿಕೆಟ್ ಮುಗಿದರೆ ಬಾಕಿ ಎಷ್ಟು ಅಂತ ಬೋರ್ಡ್ ನೆನಪಿಟ್ಟುಕೊಂಡಿರುತ್ತೆ, ಆದ್ದರಿಂದ ಕಟ್ಟು ಹಾಕುವಾಗ ಮಷಿನ್ ಆಫ್ ಮಾಡಬೇಡಿ. ಕೆಲವು ಬೋರ್ಡ್‌ಗಳಲ್ಲಿ ಬಾಕಿ ಅಳಿಸಿಹೋಗುತ್ತೆ, ಆಮೇಲೆ ಜಗಳ.

ಕಾರ್ಡ್ ಆದರೆ ರೀಡರ್ ಎರಡು ಕಡೆ ಸೇರುತ್ತೆ. ಕಾಯಿನ್ ತಂತಿಗೆ ಪಲ್ಸ್ (ನಾಣ್ಯ ಬಿತ್ತು ಅನ್ನೋ ಸಂಕೇತ) ಕೊಟ್ಟು ಆಟ ಶುರು ಮಾಡಿಸುತ್ತೆ. ಡಿಸ್ಪೆನ್ಸರ್ ಇರಬೇಕಾದ ಜಾಗದಲ್ಲಿ ತಾನೇ ಕೂತು ಸುಳ್ಳು ಕಚ್ಚಿನ ಸಂಕೇತ ಕಳಿಸಿ, ಅಷ್ಟು ಟಿಕೆಟ್ ಖಾತೆಗೆ ಬರೆಯುತ್ತೆ. ಈ ಸಂಕೇತದ ವೇಗ ಹೆಚ್ಚಾದರೆ ಹಳೆಯ ಬೋರ್ಡ್‌ಗಳು ನಡುನಡುವೆ ಎಣಿಕೆ ತಪ್ಪುತ್ತವೆ. ಹಾಕಿಸಿದ ದಿನ 100 ಟಿಕೆಟ್ ಗೆಲ್ಲಿಸಿ, ಮಷಿನ್‌ನ ಮೀಟರ್ ಮತ್ತು ಕಾರ್ಡಿನ ಖಾತೆ ತಾಳೆ ನೋಡಿ. ಈ ಸಾಫ್ಟ್‌ವೇರ್‌ಗೆ ದೂರ ಹುಡುಕಬೇಕಿಲ್ಲ. ಹಲವು ದೇಶಗಳ ಗೇಮ್ ಝೋನ್‌ಗಳಲ್ಲಿರುವ ಪರಾಫೇಟ್ ಎಂಬ ಕಾರ್ಡ್ ಸಾಫ್ಟ್‌ವೇರ್ ಮಾಡುವ ಸೆಮ್‌ನಾಕ್ಸ್ ಕಂಪನಿ ಮಂಗಳೂರಿನದು.

ಉತ್ತರ | ವಕೀಲರು

ಈಗ ಕಾನೂನು. ನಿಮ್ಮ ಪರಿಚಯದವರ ಮಾತು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಮೂರು ಸೇರಿದರೆ ಜೂಜಿನ ಪ್ರಶ್ನೆ ಏಳುತ್ತೆ: ಆಡಲು ಹಣ, ಫಲಿತಾಂಶದಲ್ಲಿ ಅದೃಷ್ಟ, ಕೊನೆಗೆ ಬಹುಮಾನ. ಹಣ ಮತ್ತು ಬಹುಮಾನ ನಿಮ್ಮಲ್ಲಿ ಇದ್ದೇ ಇವೆ. ನಿಮ್ಮನ್ನು ಉಳಿಸುವುದು ನಡುವಿನದು.

ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 2(7)ರ ವಿವರಣೆಯಲ್ಲಿ ಎರಡು ವಿಷಯ ಗಮನಿಸಿ. ಗೆದ್ದದ್ದು "ಹಣದ ರೂಪದಲ್ಲಾಗಲಿ ಬೇರೆ ರೂಪದಲ್ಲಾಗಲಿ" ಎಂದಿದೆ. "ನಾವು ಕೊಡೋದು ಬೊಂಬೆ, ದುಡ್ಡಲ್ಲ" ಎಂಬುದಷ್ಟೇ ರಕ್ಷಣೆಯಲ್ಲ. ಎರಡನೆಯದು, ಅದೃಷ್ಟದಾಟ ಎಂದರೆ ಅದೃಷ್ಟ ಮತ್ತು ಕೌಶಲ ಬೆರೆತದ್ದೂ, ಹಾಗೆ ಸೋಗು ಹಾಕಿದ್ದೂ ಸೇರುತ್ತದೆ. ಜೂಜುಮನೆ ನಡೆಸುವುದು ಕಲಂ 79, ಅಲ್ಲಿ ಆಡುವುದು ಕಲಂ 80. ಕೌಶಲದ ಆಟಕ್ಕೆ ಇವೆರಡೂ ತಗಲುವುದಿಲ್ಲ ಎಂದು ಕಲಂ 176 ಹೇಳುತ್ತದೆ.

ಕೌಶಲ ಯಾವುದು? 1996ರ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಅಳತೆ: ಗೆಲುವು ಮುಖ್ಯವಾಗಿ ಆಟಗಾರನ ತಿಳಿವಳಿಕೆ, ತರಬೇತಿ, ಗಮನ, ಅನುಭವ, ಚುರುಕುತನದ ಮೇಲೆ ನಿಲ್ಲಬೇಕು. ಬಾಸ್ಕೆಟ್‌ಬಾಲ್, ಸುತ್ತಿಗೆ ಆಟ ಇದರಲ್ಲಿ ಆರಾಮಾಗಿ ಕೂರುತ್ತವೆ.

ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 1995ರ ಎಂ.ಜೆ. ಶಿವಾನಿ ಪ್ರಕರಣ. ಬೆಂಗಳೂರಿನ ವಿಡಿಯೊ ಗೇಮ್ ಅಂಗಡಿಗಳಿಗೆ 1989ರ ಸಾರ್ವಜನಿಕ ಮನರಂಜನಾ ಸ್ಥಳಗಳ ಲೈಸೆನ್ಸ್ ಆದೇಶ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, ಅನ್ವಯಿಸುತ್ತದೆ ಎಂದಾಯಿತು. ಮಷಿನ್ ತಿದ್ದಿದರೆ ಪಳಗಿದ ಆಟಗಾರನೂ ಗೆಲ್ಲಲಾರ ಎಂಬ ಚರ್ಚೆ ಆ ತೀರ್ಪಿನಲ್ಲೇ ಇದೆ. ಇಂಥ ಆದೇಶ ಹೊರಡಿಸುವ ಅಧಿಕಾರ ಪೊಲೀಸ್ ಕಾಯ್ದೆಯ ಕಲಂ 31ರಲ್ಲಿ ಕಮಿಷನರ್‌ಗೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಇದೆ. ದಾವಣಗೆರೆಯಲ್ಲಿ ನೀವು ಮೊದಲು ವಿಚಾರಿಸಬೇಕಾದ್ದು ಡಿಸಿ ಕಚೇರಿಯಲ್ಲಿ. ಮಾಲ್‌ನವರ ಟ್ರೇಡ್ ಲೈಸೆನ್ಸ್ ಇದೆ ಎಂದು ಸುಮ್ಮನೆ ಕೂರಬೇಡಿ.

ಇದೇ ಪೊಲೀಸ್ ಕಾಯ್ದೆಯ 2021ರ ತಿದ್ದುಪಡಿ ಬಗ್ಗೆ ಯಾರಾದರೂ ಹೆದರಿಸಿದರೆ: ಕೌಶಲದ ಆಟವನ್ನೂ ಹಿಡಿಯಹೊರಟ ಅದರ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಮಾಡಿದೆ. ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಇಂಟರ್ನೆಟ್ ಮೂಲಕ ಹಣ ಕಟ್ಟಿ ಆಡುವ ಆಟಗಳದು; ನಿಮ್ಮ ಸುತ್ತಿಗೆ ಆಟಕ್ಕೆ ಅದು ಬರಲ್ಲ. ಮೊಬೈಲ್‌ನಿಂದ ದೂರದ ಕ್ಲಾ ಮಷಿನ್ ಆಡಿಸುವ ಆ್ಯಪ್ ಮಾಡಿದಿರೋ, ಆಗ ಬೇರೆ ಮಾತು.

ಮರುಪ್ರಶ್ನೆ | ಮೈಸೂರಿನ ಸದಸ್ಯರು

ಹಾಗಾದರೆ ಕ್ಲಾ ಮಷಿನ್? ಅದೂ ಕೈಚಳಕದ್ದೇ ಅಲ್ವಾ ಸರ್?

ಉತ್ತರ | ಮಷಿನ್ ಸರ್ವಿಸ್ ಮಾಡುವವರು

ಬಾಗಿಲು ತೆಗೆದು ಮೆನು ನೋಡಿದರೆ ಉತ್ತರ ಅಲ್ಲೇ ಇದೆ. ಬಲವಾದ ಹಿಡಿತದ ವೋಲ್ಟೇಜ್, ಸಡಿಲ ಹಿಡಿತದ ವೋಲ್ಟೇಜ್, ಎಷ್ಟು ಆಟಕ್ಕೊಮ್ಮೆ ಬಲವಾದ ಹಿಡಿತ, ಹೀಗೆ ಮೂರು ಅಂಕಿ. ಬೊಂಬೆ ₹150, ಆಟಕ್ಕೆ ₹12.50 ಲೆಕ್ಕ ಹಾಕಿದರೆ 12 ಆಟಕ್ಕೊಂದು. ಉಳಿದ 11 ಆಟದಲ್ಲಿ ಉಗುರು ಬೊಂಬೆಯನ್ನು ಎತ್ತಿ, ಮೇಲೆ ಹೋದಮೇಲೆ ಬಿಟ್ಟುಬಿಡುತ್ತೆ. ಎಷ್ಟೇ ಗುರಿಯಿಟ್ಟರೂ ಅಷ್ಟೇ.

ಉತ್ತರ | ವಕೀಲರು

ಆ ಮೆನುವೇ ನಿಮ್ಮ ವಿರುದ್ಧದ ಸಾಕ್ಷ್ಯ. ಕೌಶಲದ ಸೋಗು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಹೊರದೇಶದಲ್ಲೂ ಇದೇ ತಕರಾರು: ಕೀ ಮಾಸ್ಟರ್ ಎಂಬ ಮಷಿನ್ ನಿಗದಿತ ಸಂಖ್ಯೆಯ ಸೋಲು ಆಗುವವರೆಗೆ ಗೆಲ್ಲಲು ಬಿಡುವುದಿಲ್ಲ ಎಂದು 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೆಗಾ ಮೇಲೆ ದಾವೆ ಹೂಡಲಾಯಿತು.

ಉತ್ತರ | ಗೇಮ್ ಝೋನ್ ನಿರ್ವಹಣೆ ಮಾಡುವವರು

ಎರಡು ದಾರಿ ಇದೆ. ಒಂದು, ಹಿಡಿತ ಎಲ್ಲಾ ಆಟಕ್ಕೂ ಒಂದೇ ಇಟ್ಟು, ಕಷ್ಟವನ್ನು ಬೊಂಬೆಯ ಗಾತ್ರ ಮತ್ತು ಜೋಡಣೆಯಿಂದ ತರೋದು. ಒತ್ತೊತ್ತಾಗಿ ತುಂಬಬೇಡಿ, ಮೇಲಿನ ಪದರ ಸಡಿಲ ಇರಲಿ. ಇನ್ನೊಂದು, "ಗೆಲ್ಲುವವರೆಗೆ ಆಡು" ಮೋಡ್: ₹59 ಕೊಟ್ಟ ಮಗುವಿಗೆ ₹12ರಿಂದ ₹15ರ ಸಣ್ಣ ಬೊಂಬೆ ಖಂಡಿತ. ಇದು ಮಾರಾಟವೇ ಬಿಡಿ, ಆದರೆ ತಕರಾರೂ ಇಲ್ಲ.

ಚಕ್ರದ ಮಷಿನ್ ಬಗ್ಗೆ: ಪಳಗಿದ ಸಿಬ್ಬಂದಿ ಒಬ್ಬರಿಂದ 50 ಆಟ, ಮುಟ್ಟದೇ ಇದ್ದವರಿಂದ 50 ಆಟ ಆಡಿಸಿ ಟಿಕೆಟ್ ಕೂಡಿಸಿ. ವ್ಯತ್ಯಾಸ ಕಾಣದಿದ್ದರೆ ಬಟನ್ ಬರೀ ಅಲಂಕಾರ, ಎಲ್ಲಿ ನಿಲ್ಲಬೇಕು ಅನ್ನೋದನ್ನು ಬೋರ್ಡ್ ಮೊದಲೇ ತೀರ್ಮಾನಿಸಿರುತ್ತೆ. ನಾನಾದರೆ ಅದನ್ನು ಕೊಳ್ಳಲ್ಲ, ಆ ಜಾಗಕ್ಕೆ ಇನ್ನೊಂದು ಬಾಸ್ಕೆಟ್‌ಬಾಲ್ ಹಾಕ್ತೀನಿ.

ಪ್ರಶ್ನೆ | ಡಲ್ಲಾಸ್‌ನ ಸದಸ್ಯರು

ಇಲ್ಲಿ ಮಕ್ಕಳ ಬರ್ತ್‌ಡೇ ಎಲ್ಲಾ ಇಂಥ ಜಾಗದಲ್ಲೇ. ಟೆಕ್ಸಾಸ್‌ನಲ್ಲಿ ಜೂಜು ಅಷ್ಟು ಬಿಗಿ ಇದ್ದೂ ಇದು ಹೇಗೆ ನಡೆಯುತ್ತೆ?

ಉತ್ತರ | ವಕೀಲರು

ಅಲ್ಲಿನ ದಂಡಸಂಹಿತೆಯ 47.01ರಲ್ಲಿ ಅಳತೆ ಹಾಕಿಟ್ಟಿದ್ದಾರೆ. ಮನರಂಜನೆಗೆಂದೇ ಮಾಡಿದ ಮಷಿನ್ ಆಗಿರಬೇಕು, ಬಹುಮಾನ ನಗದಲ್ಲದ ಸಾಮಾನು ಅಥವಾ ಅದಕ್ಕೆ ಬದಲಾಗುವ ಟಿಕೆಟ್ ಆಗಿರಬೇಕು, ಒಂದು ಆಟದಿಂದ ಸಿಗುವುದರ ಸಗಟು ಬೆಲೆ ಆಟದ ದರದ 10 ಪಟ್ಟು ಅಥವಾ 5 ಡಾಲರ್, ಯಾವುದು ಕಡಿಮೆಯೋ ಅಷ್ಟನ್ನು ಮೀರಬಾರದು. 25 ಸೆಂಟಿನ ಆಟಕ್ಕೆ 2.50 ಡಾಲರ್, 1 ಡಾಲರ್‌ನ ಆಟಕ್ಕೆ 10 ಅಲ್ಲ, 5. ಈ ವಿನಾಯಿತಿಯೊಳಗೆ ನುಸುಳಲು ಕೆಲವರು ಸಾಮಾನಿನ ಬದಲು ಗಿಫ್ಟ್ ಸರ್ಟಿಫಿಕೇಟ್ ಕೊಟ್ಟರು. 2003ರ ಹಾರ್ಡಿ ಪ್ರಕರಣದಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಅದೂ ನಗದಿನ ಸಮವೇ ಎಂದಿತು.

ಬ್ರಿಟನ್‌ನಲ್ಲೂ ಹೀಗೆ ಅಂಕಿ ಇದೆ: ಮಕ್ಕಳೂ ಆಡಬಹುದಾದ ಡಿ ವರ್ಗದಲ್ಲಿ ಕ್ಲಾ ಮಷಿನ್‌ಗೆ ಆಟಕ್ಕೆ ಗರಿಷ್ಠ 1 ಪೌಂಡ್, ಬಹುಮಾನ 50 ಪೌಂಡ್. ಜಪಾನಿನಲ್ಲಿ ಕ್ಲಾ ಬಹುಮಾನ ಸುಮಾರು 1,000 ಯೆನ್ ಒಳಗೆ. 2022ರವರೆಗೆ 800 ಇತ್ತು. ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಇಂಥ ರೂಪಾಯಿ ಮಿತಿ ಇಲ್ಲ. ಮಿತಿ ಇಲ್ಲದ್ದು ಅನುಕೂಲವಲ್ಲ ಸ್ವಾಮಿ. "ಇಷ್ಟರೊಳಗಿದ್ದೇನೆ" ಎಂದು ತೋರಿಸಲು ನಿಮಗೆ ಗೆರೆಯೇ ಇಲ್ಲ.

ಮರುಪ್ರಶ್ನೆ | ದಾವಣಗೆರೆಯ ಸದಸ್ಯರು

ಜನ ಸೆಳೆಯೋಕೆ ₹15,000ದ ಸೈಕಲ್ ಒಂದನ್ನು ಕೌಂಟರ್ ಮೇಲೆ ನೇತುಹಾಕಬಹುದಾ? ಉಳಿದ ಟಿಕೆಟ್ ಆಟದ ಬ್ಯಾಲೆನ್ಸ್ ಆಗಿ ಬದಲಾಗಬಹುದಾ?

ಉತ್ತರ | ವಕೀಲರು

ಸೈಕಲ್ ಬೇಡ. 60,000 ಟಿಕೆಟ್ ಕೂಡಿಸಲು ದೊಡ್ಡವರು ಬಂದು ಕೂರುತ್ತಾರೆ, ನಿಮ್ಮ ಜಾಗದ ಸ್ವರೂಪವೇ ಬದಲಾಗುತ್ತದೆ. ಜೊತೆಗೆ ತೆರಿಗೆ: ಆಟದ ಗೆಲುವು ₹10,000 ದಾಟಿದರೆ ಆದಾಯ ತೆರಿಗೆ ಕಾನೂನಿನ ಪ್ರಕಾರ 30% ಕಡಿತ, ಸಾಮಾನಿನ ರೂಪದ ಬಹುಮಾನವಾದರೆ ತೆರಿಗೆ ಕಟ್ಟಿದ್ದನ್ನು ಖಚಿತಪಡಿಸಿಕೊಂಡೇ ಕೊಡಬೇಕು. ಹತ್ತು ವರ್ಷದ ಹುಡುಗನಿಗೆ ಪ್ಯಾನ್ ಕೇಳುತ್ತೀರಾ?

ಟಿಕೆಟ್ ಆಟದ ಬ್ಯಾಲೆನ್ಸ್ ಆಗುವುದನ್ನು ಸಾಫ್ಟ್‌ವೇರ್‌ನಲ್ಲೇ ಮುಚ್ಚಿಸಿ. ಗೆದ್ದದ್ದನ್ನು ಮತ್ತೆ ಪಣಕ್ಕಿಡುವಂತಾದರೆ ಅದು ಮೋಜಿನಾಟಕ್ಕಿಂತ ಜೂಜಿನ ಕಡೆ ವಾಲುತ್ತದೆ. ನಗದು ಕೊಡಬೇಡಿ, ವೋಚರ್ ಕೊಡಬೇಡಿ, ಸಿಬ್ಬಂದಿ ಹಿಂಬಾಗಿಲಲ್ಲಿ ಬಹುಮಾನ ಕೊಂಡುಕೊಳ್ಳದಂತೆ ನೋಡಿಕೊಳ್ಳಿ. ಮೂರನೆಯದು ಮಾಲೀಕನಿಗೆ ಗೊತ್ತಿಲ್ಲದೆಯೂ ಶುರುವಾಗುತ್ತದೆ. ಮಷಿನ್‌ಗಳ ಸೆಟ್ಟಿಂಗ್ ಪುಟದ ಫೋಟೊ ದಿನಾಂಕ ಸಮೇತ ಇಟ್ಟುಕೊಳ್ಳಿ, ಮೆನುವಿನ ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ ಇರಲಿ.

ಉತ್ತರ | ಗೇಮ್ ಝೋನ್ ನಿರ್ವಹಣೆ ಮಾಡುವವರು

ಒಂದು ಬಿಟ್ಟುಹೋಯ್ತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಮಷಿನ್ ಜೊತೆ ಮೂಟೆಗಟ್ಟಲೆ ಬೊಂಬೆ ಅಗ್ಗಕ್ಕೆ ಕೊಡ್ತೀವಿ ಅಂದರೆ ಗುರುತು ಮತ್ತು ಬಿಲ್ ಎರಡೂ ನೋಡಿಯೇ ಇಳಿಸಿಕೊಳ್ಳಿ.