ಸಹಿ ಹಾಕಿದ ಯೋಜನೆಯನ್ನು ಶಾಲೆ ಪಾಲಿಸುತ್ತಿಲ್ಲ, ಎಲ್ಲಿಗೆ ದೂರು ಕೊಡಬೇಕು?

ಪ್ರಶ್ನೆ (ದಾವಣಗೆರೆಯ ಒಬ್ಬ ತಾಯಿ):
ನಮಸ್ಕಾರ ಮೇಡಂ. ನನ್ನ ಮಗ ನಾಲ್ಕನೇ ಕ್ಲಾಸು. ಇಲ್ಲೇ ನಗರದ ಖಾಸಗಿ ಶಾಲೆ, ಸ್ಟೇಟ್ ಸಿಲಬಸ್. ಅವನಿಗೆ ಡಿಸ್ಲೆಕ್ಸಿಯಾ (ಓದು ಬರಹ ಕಲಿಯೋದರಲ್ಲಿ ತೊಡಕು) ಇದೆ ಅಂತ ಹೋದ ವರ್ಷ ರಿಪೋರ್ಟ್ ಬಂತು. ಜೂನ್‌ನಲ್ಲಿ ಹೆಡ್‌ಮಿಸ್ ನಮ್ಮನ್ನ ಕೂರಿಸಿ ಮಾತಾಡಿ, ಐಇಪಿ ಅಂತ ಅವನೊಬ್ಬನಿಗೇ ಒಂದು ಕಲಿಕಾ ಯೋಜನೆ ಬರೆದು ಸಹಿ ಹಾಕಿ ಕೊಟ್ಟರು. ಬೋರ್ಡ್ ನೋಡಿ ಬರೆಯೋ ಬದಲು ಪ್ರಿಂಟ್ ನೋಟ್ಸ್, ಟೆಸ್ಟ್‌ನಲ್ಲಿ ಹೆಚ್ಚು ಸಮಯ, ಕೆಲವು ಉತ್ತರ ಬಾಯಲ್ಲೇ ಕೇಳೋದು, ವಾರಕ್ಕೆ ಮೂರು ಪಿರಿಯಡ್ ವಿಶೇಷ ಶಿಕ್ಷಕರ ಹತ್ತಿರ ಪಾಠ. ದಸರಾ ರಜೆಯೂ ಮುಗೀತು, ಒಂದೂ ನಡೆದಿಲ್ಲ. ವಿಶೇಷ ಶಿಕ್ಷಕರು ಬಿಟ್ಟು ಹೋದರಂತೆ. ಮಗನ ನೋಟ್‌ಬುಕ್ ತೆಗೆದರೆ ಪ್ರತಿ ಪುಟದಲ್ಲೂ ಅರ್ಧ ಸಾಲಿಗೇ ಬರಹ ನಿಂತಿರುತ್ತೆ, ಕೆಳಗೆ ಕೆಂಪು ಪೆನ್ನಲ್ಲಿ "ಅಪೂರ್ಣ, ಪೋಷಕರು ಗಮನಿಸಿ". ಕೇಳಿದರೆ "ನೋಡೋಣ" ಅಂತಾರೆ. ಐಇಪಿ ಪಾಲಿಸದಿದ್ದರೆ ಶಾಲೆ ಮೇಲೆ ನೇರವಾಗಿ ಕೇಸ್ ಹಾಕಬಹುದು ಅಂತ ಯೂಟ್ಯೂಬಲ್ಲಿ ಒಬ್ಬರು ಹೇಳಿದರು. ನಿಜವಾ?

ಉತ್ತರ (ವಕೀಲರು):
ನೀವು ನೋಡಿದ್ದು ಬಹುಶಃ ಅಮೆರಿಕದ ಕಾನೂನಿನ ಬಗ್ಗೆ ಇರಬೇಕು. ಅಲ್ಲಿ ಐಇಪಿ ಅನ್ನೋದು ಕಾಯ್ದೆಯೇ ಹೇಳಿದ ದಾಖಲೆ. ಶಾಲೆ ಅದನ್ನು ಪಾಲಿಸದಿದ್ದರೆ ತಂದೆ ತಾಯಿ ವಿಚಾರಣೆ ಕೇಳಬಹುದು. ನಮ್ಮಲ್ಲಿ ಹಾಗಿಲ್ಲ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಐಇಪಿ ಅನ್ನೋ ಹೆಸರೇ ಬರಲ್ಲ. ಹಾಗಂತ ನಿಮ್ಮ ಕೈಯಲ್ಲಿರೋ ಕಾಗದ ಸುಮ್ನೆ ಕಾಗದ ಅಂದುಕೊಳ್ಳಬೇಡಿ.

ಆ ಕಾಯ್ದೆ ಗುರುತಿಸಿರುವ 21 ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಒಂದು. ಅದರ 16ನೇ ಸೆಕ್ಷನ್ ಪ್ರಕಾರ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು, ಆ ಮಗುವಿಗೇ ಬೇಕಾದ ಬೆಂಬಲ ಕೊಡಬೇಕು, ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಿ ಅದಕ್ಕೆ ತಕ್ಕ ಹಾಗೆ ಪಾಠ ಮಾಡಬೇಕು, ಮಗು ಎಷ್ಟು ಮುಂದೆ ಬಂತು ಅಂತ ಗಮನಿಸುತ್ತಾ ಇರಬೇಕು. ಈ ಕರ್ತವ್ಯ ಸರ್ಕಾರಿ ಶಾಲೆಗಳದ್ದು ಮಾತ್ರ ಅಲ್ಲ. ಸರ್ಕಾರದ ಮಾನ್ಯತೆ ಪಡೆದ ಎಲ್ಲ ಶಾಲೆಗಳದ್ದೂ ಹೌದು. ಈಗ ಯೋಚನೆ ಮಾಡಿ. ಈ ಮಗುವಿಗೆ ಏನು ಬೇಕು ಅಂತ ಶಾಲೆಯೇ ಬರೆದು ಸಹಿ ಹಾಕಿದೆ. "ನಮಗೆ ಗೊತ್ತಿರಲಿಲ್ಲ" ಅನ್ನೋ ದಾರಿ ಅವರಿಗೆ ಅಲ್ಲೇ ಮುಚ್ಚಿತು. ಯೋಜನೆ ನಿಮ್ಮ ಸಾಕ್ಷಿ, ಕಾಯ್ದೆ ನಿಮ್ಮ ಬಲ. ದೂರಿನಲ್ಲಿ "ಐಇಪಿ ಉಲ್ಲಂಘನೆ" ಅಂತ ಬರೆಯಬೇಡಿ, "16ನೇ ಸೆಕ್ಷನ್‌ನ ಕರ್ತವ್ಯ ಪಾಲಿಸಿಲ್ಲ" ಅಂತ ಬರೆಯಿರಿ.

ಮೊದಲು ಆ ನೋಟ್‌ಬುಕ್ ಜೋಪಾನ ಮಾಡಿ. ಪ್ರತಿ ಪುಟದ ಫೋಟೋ ತೆಗೆದು ತಾರೀಖು ಹಾಕಿಟ್ಟುಕೊಳ್ಳಿ. ಪ್ರಿಂಟ್ ನೋಟ್ಸ್ ಕೊಡ್ತೀವಿ ಅಂತ ಒಪ್ಪಿದ ಶಾಲೆ ಬೋರ್ಡ್ ನೋಡಿ ಬರೆಸಿದೆ, ಬರೆಯಲಾಗದ್ದಕ್ಕೆ ಮಗುವಿನದೇ ತಪ್ಪು ಅಂದಿದೆ ಅಂತ ಆ ಕೆಂಪು ಅಕ್ಷರ ಹೇಳುತ್ತೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗೋದು ಕಷ್ಟ.

ಆಮೇಲೆ ಹೆಡ್‌ಮಿಸ್‌ಗೆ ಒಂದು ಪತ್ರ. ಒಂದೇ ಪುಟ ಸಾಕು, ಸಿಟ್ಟು ಬೇಡ. ಹೀಗೆ ಬರೆಯಿರಿ: "ಜೂನ್‌ನಲ್ಲಿ ತಾವು ಸಹಿ ಮಾಡಿದ ಯೋಜನೆಯಲ್ಲಿ ವಾರಕ್ಕೆ ಮೂರು ಪಿರಿಯಡ್ ವಿಶೇಷ ಪಾಠ ಎಂದಿದೆ. ಇದುವರೆಗೆ ಎಷ್ಟು ಪಿರಿಯಡ್ ನಡೆದಿದೆ, ಯಾರು ತೆಗೆದುಕೊಂಡರು, ಮುಂದೆ ಯಾವಾಗಿನಿಂದ ನಡೆಯುತ್ತದೆ ಎಂದು ಹದಿನೈದು ದಿನದೊಳಗೆ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ." ಉಳಿದ ಅಂಶಗಳನ್ನೂ ಹೀಗೇ ಕೇಳಿ. ಇನ್ನೊಂದು ಪ್ರತಿಗೆ ಶಾಲೆಯ ಸೀಲ್, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ. ವಾಟ್ಸಾಪ್‌ನಲ್ಲಿ ಎಷ್ಟು ಮಾತಾಡಿದರೂ ಸೀಲ್ ಬಿದ್ದ ಪತ್ರದ ತೂಕ ಬೇರೆ.

ಉತ್ತರ ಬರಲಿಲ್ಲ ಅಂದರೆ ನಿಮ್ಮ ಶಾಲೆ ಉತ್ತರ ವಲಯಕ್ಕೆ ಬರುತ್ತೋ ದಕ್ಷಿಣ ವಲಯಕ್ಕೋ ನೋಡಿಕೊಂಡು ಆ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ದೂರು ಕೊಡಿ, ಪ್ರತಿ ಡಿಡಿಪಿಐಗೆ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು). ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ವಿಕಲಚೇತನ ಮಕ್ಕಳ ದಾಖಲಾತಿ, ಸೌಲಭ್ಯದ ವಿಷಯಕ್ಕೇ ಒಬ್ಬ ನೋಡಲ್ ಅಧಿಕಾರಿ ಇರಬೇಕು ಅಂತ ಈ ಕಾಯ್ದೆಯ 2017ರ ಕೇಂದ್ರ ನಿಯಮದಲ್ಲಿದೆ. ಯಾರು ಅಂತ ಕೇಳಿ. ಬಾಯಲ್ಲಿ ಹೇಳದಿದ್ದರೆ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಖಾಸಗಿ ಶಾಲೆಗಳ ಮಾನ್ಯತೆ ನವೀಕರಣದ ಫೈಲ್ ಇದೇ ಇಲಾಖೆಯಲ್ಲಿ ಓಡಾಡೋದು. ಬಿಇಒ ನೋಟಿಸ್ ಬಂದರೆ ಶಾಲೆ ಸುಮ್ನೆ ಕೂರಲ್ಲ.

ಅಲ್ಲೂ ಆಗಲಿಲ್ಲ ಅಂದರೆ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು. ವಕೀಲರು ಬೇಕಂತಿಲ್ಲ, ಅಂಚೆಯಲ್ಲೂ ಕಳಿಸಬಹುದು. ಸಂಬಂಧಪಟ್ಟವರನ್ನು ಕರೆಸೋಕೆ, ದಾಖಲೆ ತರಿಸೋಕೆ ಅವರಿಗೆ ಸಿವಿಲ್ ಕೋರ್ಟಿನಂಥ ಅಧಿಕಾರ ಇದೆ. ಅವರು ಶಿಫಾರಸು ಮಾಡಿದರೆ ಏನು ಕ್ರಮ ಆಯಿತು ಅಂತ ಮೂರು ತಿಂಗಳೊಳಗೆ ತಿಳಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಇಂಥ ವಿಷಯದಲ್ಲಿ ಕೋರ್ಟಿಗಿಂತ ಇದು ಒಳ್ಳೆಯ ದಾರಿ. ಹೈಕೋರ್ಟ್ ರಿಟ್ ಕೊನೆಗೆ ಇಟ್ಟುಕೊಳ್ಳಿ, ಅದೂ ಅಧಿಕಾರಿಗಳು ದೂರಿನ ಮೇಲೆ ಕೂತಾಗ. ದಾವಣಗೆರೆ, ಚಿತ್ರದುರ್ಗದವರಿಗೆ ಬೆಂಗಳೂರು ಪೀಠವೇ, ಧಾರವಾಡ ಅಲ್ಲ. ಫೀಸ್ ಕಟ್ಟಿದ್ದೀವಲ್ಲ, ಗ್ರಾಹಕರ ಕೋರ್ಟಿಗೆ ಹೋಗೋಣ ಅಂತ ಕೆಲವರು ಹೇಳ್ತಾರೆ. ಶಿಕ್ಷಣ ಆ ಕಾನೂನಿನ ಸೇವೆಯಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಇರೋದರಿಂದ ನಾನು ಆ ಕಡೆ ಕಳಿಸಲ್ಲ.

ಪ್ರಶ್ನೆ (ಚಳ್ಳಕೆರೆಯ ಒಬ್ಬ ತಂದೆ):
ಮೇಡಂ, ನಮ್ಮದು ಇನ್ನೂ ಕಷ್ಟ. ಮಗಳಿಗೆ ಏಳು ವರ್ಷ, ಆಟಿಸಂ. "ಬೇರೆ ಮಕ್ಕಳಿಗೆ ತೊಂದರೆ ಆಗ್ತಿದೆ, ಸ್ಪೆಷಲ್ ಸ್ಕೂಲಿಗೆ ಹಾಕಿ, ಟಿಸಿಗೆ ಅರ್ಜಿ ಕೊಡಿ" ಅಂತಿದಾರೆ. ಯುಡಿಐಡಿ ಕಾರ್ಡೂ (ವಿಕಲಚೇತನರ ಗುರುತಿನ ಚೀಟಿ) ಇನ್ನೂ ಆಗಿಲ್ಲ.

ಉತ್ತರ:
ಅಣ್ಣಾ, ದಯವಿಟ್ಟು ಟಿಸಿ ಅರ್ಜಿಗೆ ಸಹಿ ಹಾಕಬೇಡಿ. ಹಾಕಿದ ಮರುಕ್ಷಣ ಅದು "ಪೋಷಕರೇ ಬಿಡಿಸಿಕೊಂಡರು" ಅಂತ ಆಗುತ್ತೆ, ಆಮೇಲೆ ನಾವು ಏನು ಹೇಳಿದರೂ ಆ ಕಾಗದ ಅಡ್ಡ ಬರುತ್ತೆ. "ಮಗುವಿನ ನಡವಳಿಕೆಗೆ ನಾವೇ ಜವಾಬ್ದಾರರು" ಅಂತ ಮುಚ್ಚಳಿಕೆ ಕೇಳಿದರೂ ಬೇಡ. ಎಂಟನೇ ತರಗತಿ ಮುಗಿಯೋವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತೆ. "ಟಿಸಿ ಯಾಕೆ ಅಂತ ಬರೆದು ಕೊಡಿ" ಅನ್ನಿ. ಬರೆದು ಕೊಡೋ ಧೈರ್ಯ ಮಾಡೋರು ಕಡಿಮೆ.

ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಅದು 2016ರ ವಿಕಲಚೇತನರ ಕಾಯ್ದೆಯ 31ನೇ ಸೆಕ್ಷನ್. ಆಯ್ಕೆ ಮಗುವಿನದು, ಶಾಲೆಯದಲ್ಲ. ಕಾರ್ಡ್ ಆಗಿಲ್ಲ ಅಂತ ಹಿಂದೆ ಸರಿಯಬೇಡಿ. ಅದೇ ಕಾಯ್ದೆಯ 16ನೇ ಸೆಕ್ಷನ್‌ನ ಕರ್ತವ್ಯಕ್ಕೆ ಶೇಕಡಾ 40ರ ಲೆಕ್ಕ ಇಲ್ಲ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಪರೀಕ್ಷೆಗೆ ಲಿಪಿಕಾರರನ್ನು ಕೊಡೋ ವಿಷಯ, ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ಹೊಂದಾಣಿಕೆ ಪಡೆಯೋಕೆ 40 ದಾಟಲೇಬೇಕು ಅಂತಿಲ್ಲ. ಆದರೂ ಕಾರ್ಡ್ ಮಾಡಿಸಿ. ಆನ್‌ಲೈನ್ ಅರ್ಜಿ ಹಾಕಿದರೆ ಜಿಲ್ಲಾಸ್ಪತ್ರೆಯ ವೈದ್ಯಕೀಯ ಮಂಡಳಿ ನೋಡುತ್ತೆ. ದಾರಿ ತಿಳಿಯದಿದ್ದರೆ ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯೂ ಅವರನ್ನು (ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು) ಹಿಡಿಯಿರಿ. ತೆರಪಿ, ಮಾರ್ಗದರ್ಶನಕ್ಕೆ ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ, ಶಾಲಾ ಕ್ಲಸ್ಟರಿನ ಸಿಆರ್‌ಸಿ ಅಲ್ಲ, ವಿಕಲಚೇತನರ ಪುನರ್ವಸತಿ ಕೇಂದ್ರ.

ಪ್ರಶ್ನೆ (ಹಿರಿಯೂರು ಕಡೆಯ ಸರ್ಕಾರಿ ಶಾಲೆ ಶಿಕ್ಷಕಿ):
ನಾನು ಇನ್ನೊಂದು ಬದಿಯಿಂದ ಕೇಳ್ತೀನಿ ಮೇಡಂ. ನಾವು ಇರೋದು ಇಬ್ಬರೇ, ಐದು ತರಗತಿ. ಒಬ್ಬ ಹುಡುಗನಿಗೆ ಬುದ್ಧಿಮಾಂದ್ಯತೆ ಇದೆ. ಬ್ಲಾಕ್‌ನಿಂದ ಬಿಐಇಆರ್‌ಟಿ (ವಿಕಲಚೇತನ ಮಕ್ಕಳಿಗೆ ಅಂತ ಇರೋ ಸಂಪನ್ಮೂಲ ಶಿಕ್ಷಕರು) ಬರೋದು ಅಪರೂಪ. ಪೋಷಕರು ದೂರು ಕೊಟ್ಟರೆ ನಮ್ಮ ತಲೆ ಮೇಲೆ ಬರುತ್ತಾ?

ಉತ್ತರ:
ಕೇಳಿದ್ದು ಒಳ್ಳೆಯದಾಯಿತು ಟೀಚರ್. ನೀವು ಸುಮ್ಮನಿದ್ದರೆ ಬರಬಹುದು. ಅದಕ್ಕೇ ನೀವೂ ಬರೆಯಿರಿ. "ಈ ಮಗುವಿಗೆ ಇಂಥ ಬೆಂಬಲ ಬೇಕು, ನಮ್ಮಲ್ಲಿ ತರಬೇತಿ ಆದವರಿಲ್ಲ, ವಿಶೇಷ ಶಿಕ್ಷಕರನ್ನು ಕಳಿಸಿ" ಅಂತ ಬಿಇಒಗೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಅದಕ್ಕಿಂತ ಮೇಲೆ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಅನ್ನೋ ಅನುಪಾತ ಹೇಳಿದೆ. ಶಿಕ್ಷಕರನ್ನು ಕೊಡೋದು ಸರ್ಕಾರದ ಹೊಣೆ. ಪೋಷಕರಿಗೂ ಇದನ್ನೇ ಹೇಳ್ತೀನಿ: ಸರ್ಕಾರಿ ಶಾಲೆಯಾದರೆ ದೂರು ಕ್ಲಾಸ್ ಟೀಚರ್ ಹೆಸರಿಗೆ ಬರೆಯಬೇಡಿ, ಇಲಾಖೆ ಹೆಸರಿಗೆ ಬರೆಯಿರಿ. ಟೀಚರ್ ಪತ್ರ, ಪೋಷಕರ ಪತ್ರ ಎರಡೂ ಒಂದೇ ಟೇಬಲ್ ಮೇಲೆ ಬಿದ್ದರೆ ಕೆಲಸ ಬೇಗ ಆಗುತ್ತೆ.

ಪ್ರಶ್ನೆ (ಮೊದಲಿನ ತಾಯಿ):
ಮೇಡಂ, ಇನ್ನೊಂದು ವಿಷಯ ಹೇಳೋಕೆ ಸಂಕೋಚ ಆಯ್ತು. ಹೋದ ವಾರ ಒಬ್ಬ ಮಿಸ್ ಅವನನ್ನ ಎದ್ದು ನಿಲ್ಲಿಸಿ ಕ್ಲಾಸಲ್ಲೆಲ್ಲ "ಇವನು ದಡ್ಡ" ಅಂದರಂತೆ. ಪೊಲೀಸ್ ಕೇಸ್ ಆಗುತ್ತಾ? ವಕೀಲರಿಗೆ ಕೊಡೋಷ್ಟು ದುಡ್ಡೂ ನಮ್ಮ ಹತ್ರ ಇಲ್ಲ.

ಉತ್ತರ:
ಇದನ್ನು ಹೇಳಿದ್ದು ಸರಿ. ಓದಿ ನನಗೂ ಹೊಟ್ಟೆ ಉರಿಯಿತು. ವಿಕಲಚೇತನರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ, ಅವಮಾನ ಮಾಡಬೇಕು ಅಂತಲೇ ಎಲ್ಲರೆದುರು ಬೇಕೆಂದು ಹೀಯಾಳಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ದಂಡ ಇದೆ. ಆದರೆ ಉದ್ದೇಶ ಸಾಬೀತು ಮಾಡಬೇಕು, ಅದಕ್ಕೆ ಪುಟ್ಟ ಮಕ್ಕಳು ಸಾಕ್ಷಿ ಹೇಳಬೇಕಾಗುತ್ತೆ. ಒಂದು ಮಾತಿಗೆ ನಾನು ನೇರ ಅಲ್ಲಿಗೆ ಹೋಗಲ್ಲ. ಮಕ್ಕಳಿಗೆ ಮಾನಸಿಕ ಹಿಂಸೆ ಕೊಡುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಇದೆ. ಅದನ್ನು ಹೆಡ್‌ಮಿಸ್ ಪತ್ರದಲ್ಲೇ ಸೇರಿಸಿ, ಪ್ರತಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಕಳಿಸಿ. ಮತ್ತೆ ಆದರೆ, ಹೊಡೆದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಆಗ ಪೊಲೀಸ್ ದೂರಿಗೂ ನಾನೇ ಹೇಳ್ತೀನಿ.

ದುಡ್ಡಿನ ಚಿಂತೆ ಬಿಡಿ. ಮಹಿಳೆಯರಿಗೆ, ಮಕ್ಕಳಿಗೆ, ವಿಕಲಚೇತನರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕು ಅಂತ 1987ರ ಕಾಯ್ದೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ರಿಪೋರ್ಟ್, ಸಹಿ ಆದ ಯೋಜನೆ, ಆಧಾರ್, ಆ ನೋಟ್‌ಬುಕ್ ತಗೊಂಡು ಹೋಗಿ. ಒರಿಜಿನಲ್ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಮಾತ್ರ. ಹೆಡ್‌ಮಿಸ್‌ಗೆ ಬರೆದ ಪತ್ರವನ್ನು ಹೆಸರುಗಳನ್ನೆಲ್ಲ ಮುಚ್ಚಿ ಇಲ್ಲಿ ಹಾಕಿ, ನಾನು ತಿದ್ದಿ ಕೊಡ್ತೀನಿ.