ಅಪ್‌ಡೇಟ್: ಹೊಸ ಚೈನ್ ಜಾರುತ್ತಿದ್ದುದು ಕ್ಯಾಸೆಟ್ ಸವೆದಿದ್ದಕ್ಕೆ

ನನ್ನ ಪ್ರಶ್ನೆ ಇಷ್ಟೇ ಇತ್ತು: 10 ಸ್ಪೀಡ್ ಸೈಕಲ್‌ಗೆ (ಹಿಂದೆ 10 ಹಲ್ಲುಚಕ್ರಗಳಿರುವುದು) ಹೊಸ ಚೈನ್ ಹಾಕಿದರೂ ಏರಿನಲ್ಲಿ ಒತ್ತಿ ತುಳಿದರೆ ಜಾರುತ್ತದೆ, ಬದಲಿಸಬೇಕಾದ್ದು ಕ್ಯಾಸೆಟ್ಟೋ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗುಚ್ಛ) ಚೈನ್‌ರಿಂಗೋ (ಪೆಡಲ್ ಬಳಿಯ ಹಲ್ಲುಚಕ್ರ)?

ಕ್ಯಾಸೆಟ್. ಜಾರುತ್ತಿದ್ದುದು ಹೆಚ್ಚು ಬಳಕೆಯಾದ 13, 14, 15 ಹಲ್ಲಿನ ಚಕ್ರಗಳಲ್ಲಿ ಮಾತ್ರ. ಚೈನ್‌ನ ಕೊಂಡಿಯೊಂದು ಬಿಗಿಯಾಗಿದ್ದರೆ ಅತಿ ಚಿಕ್ಕ 11ರಲ್ಲೇ ಅದು ಹೆಚ್ಚು ಕಾಣಿಸಬೇಕಿತ್ತು, ಅದೂ ಸಮ ಅಂತರದಲ್ಲಿ, ಹಾಗಿರಲಿಲ್ಲ. ಹಲ್ಲಿನ ಸವೆತ ಗುರುತಿಸಲು ಕಣ್ಣಳತೆಯೊಂದನ್ನೇ ನಂಬಬೇಡಿ. ಗೇರ್ ಸಲೀಸಾಗಿ ಬದಲಾಗಲೆಂದು ಕೆಲವು ಹಲ್ಲುಗಳನ್ನು ಹೊಸದರಲ್ಲೇ ಮೊಟಕಾಗಿ ಕತ್ತರಿಸಿರುತ್ತಾರೆ.

ಹಳೆಯ ಚೈನನ್ನು ಬಿಗಿಯಾಗಿ ಎಳೆದು ಉಕ್ಕಿನ ಸ್ಕೇಲಿನಲ್ಲಿ ಅಳೆದೆ. ಒಂದು ಪಿನ್‌ನ ನಡುವಿನಿಂದ, ಅದನ್ನು ಬಿಟ್ಟು ಎಣಿಸಿದರೆ ಬರುವ 24ನೇ ಪಿನ್‌ನ ನಡುವಿಗೆ ಹೊಸದರಲ್ಲಿ 304.8 ಮಿ.ಮೀ. ಇರಬೇಕು, ಇದರಲ್ಲಿ 308, ಅಂದರೆ ಹೆಚ್ಚಳ 1% ದಾಟಿದೆ. ಚೈನ್‌ನ ಪಟ್ಟಿಗಳು ಹಿಗ್ಗುವುದಿಲ್ಲ, ಪಿನ್ ಮತ್ತು ಅದು ತಿರುಗುವ ಒಳಪಟ್ಟಿಯ ಅಂಚು ಸವೆಯುತ್ತವೆ. ಅಂತರ ಹೆಚ್ಚಿದ ಚೈನ್ ಹಲ್ಲಿನ ಬುಡವನ್ನೂ ತನ್ನ ಅಳತೆಗೆ ತಿನ್ನುತ್ತದೆ, ಆಮೇಲೆ ಹೊಸ ಚೈನ್ ಅಲ್ಲಿ ಕೂರುವುದಿಲ್ಲ. 10 ಸ್ಪೀಡಿಗೆ 0.75%ಗೆ (ಸುಮಾರು 307 ಮಿ.ಮೀ.), 11–12 ಸ್ಪೀಡಿಗೆ 0.5%ಗೇ ಚೈನ್ ಬದಲಿಸಿದರೆ ಕ್ಯಾಸೆಟ್ ಉಳಿಯುತ್ತದೆ.

ಚೈನ್‌ರಿಂಗ್ ಬದಲಿಸಲಿಲ್ಲ. ಹೊಸ ಚೈನನ್ನು ಮುಂದಕ್ಕೆ ಎಳೆದರೆ ಹಲ್ಲಿನಿಂದ ಏಳುತ್ತಿಲ್ಲ, ಹಲ್ಲುಗಳು ಕೊಕ್ಕೆಯಾಗಿಲ್ಲ. ಹೊಸ ಕ್ಯಾಸೆಟ್‌ನ ಲಾಕ್‌ರಿಂಗನ್ನು (ಅದನ್ನು ಹಿಡಿದಿಡುವ ತಿರುಪು ಉಂಗುರ) 40 ನ್ಯೂಟನ್ ಮೀಟರಿಗೆ ಬಿಗಿದಿದ್ದೇನೆ. ಎದ್ದು ನಿಂತು ತುಳಿದರೂ ಈಗ ಜಾರುತ್ತಿಲ್ಲ.