ಪ್ಯಾಕೆಟ್ ಜಾಲದ ಮೇಲಿನ ಇ1ಗೆ ಬ್ಯಾಕಪ್ ಇದೆ, ಆದರೂ ರಿಲೇ ಏಕೆ ತಪ್ಪು ಲೆಕ್ಕ ಹಾಕಿತು?

ಪ್ರಶ್ನೆ: ನಮಸ್ಕಾರ ಸರ್. ಎರಡು 220 ಕೆವಿ ಸಬ್‌ಸ್ಟೇಷನ್‌ಗಳ ನಡುವಿನ ಇ1 ಸಂಪರ್ಕವನ್ನು (ಸೆಕೆಂಡಿಗೆ 2 ಮೆಗಾಬಿಟ್‌ನ ಡಿಜಿಟಲ್ ಸರ್ಕ್ಯೂಟ್) ಹಳೆಯ ಎಸ್‌ಡಿಎಚ್ ಜಾಲದಿಂದ ಎಂಪಿಎಲ್‌ಎಸ್ ಎಂಬ ಪ್ಯಾಕೆಟ್ ಜಾಲಕ್ಕೆ ತಂದಿದ್ದೇವೆ. ಇ1ನ್ನು ಪ್ಯಾಕೆಟ್‌ಗಳಲ್ಲಿ ಒಯ್ಯುವ ಸ್ಯೂಡೋವೈರ್‌ಗೆ ಬ್ಯಾಕಪ್ ಕೂಡ ಕೊಟ್ಟಿದ್ದೇವೆ. ಪರೀಕ್ಷೆಗಾಗಿ ಮುಖ್ಯ ಹಾದಿಯ ಫೈಬರ್ ತೆಗೆದಾಗ ಸಂಪರ್ಕ ಬ್ಯಾಕಪ್‌ಗೆ ಹೊರಳಿತು, ಸ್ಕಾಡಾ (ದೂರನಿಯಂತ್ರಣ) ಮತ್ತು ದೂರವಾಣಿ ನಡೆಯುತ್ತಲೇ ಇದ್ದವು. ಆದರೆ ಅದೇ ಇ1ನಲ್ಲಿರುವ ಲೈನ್ ಡಿಫರೆನ್ಷಿಯಲ್ ರಿಲೇ (ಲೈನ್‌ನ ಎರಡೂ ತುದಿಗಳ ಕರೆಂಟನ್ನು ಹೋಲಿಸಿ, ವ್ಯತ್ಯಾಸ ಕಂಡರೆ ಬ್ರೇಕರ್ ತೆರೆಸುವ ಸಾಧನ), ಲೈನ್‌ನಲ್ಲಿ ದೋಷವೇ ಇಲ್ಲದಿದ್ದರೂ ಡಿಫರೆನ್ಷಿಯಲ್ ಕರೆಂಟ್ ತೋರಿಸಿತು. ಟ್ರಿಪ್ ಬ್ಲಾಕ್ ಮಾಡಿದ್ದರಿಂದ ಬ್ರೇಕರ್ ತೆರೆಯಲಿಲ್ಲ. ಏನು ಕಾರಣ?

ಉತ್ತರ: ಬ್ಲಾಕ್ ಮಾಡಿ ಪರೀಕ್ಷಿಸಿದ್ದು ಬಹಳ ಒಳ್ಳೆಯದಾಯಿತು. ಜಿಪಿಎಸ್ ಸಮಯವನ್ನು ಬಳಸದ ರಿಲೇ, ಎರಡು ತುದಿಗಳ ಅಳತೆಗಳನ್ನು ಒಂದೇ ಕ್ಷಣಕ್ಕೆ ಹೊಂದಿಸಲು ಸಂದೇಶ ಹೋಗಿ ಬರುವ ಸಮಯವನ್ನು ಅಳೆದು ಅದರ ಅರ್ಧವನ್ನೇ ಒಮ್ಮುಖ ವಿಳಂಬವೆಂದು ನಂಬುತ್ತದೆ. ಹೋಗುವ ಹಾದಿಗೂ ಬರುವ ಹಾದಿಗೂ 1 ಮಿಲಿಸೆಕೆಂಡ್ ವ್ಯತ್ಯಾಸ ಬಂದರೆ ಲೆಕ್ಕ 0.5 ಮಿಲಿಸೆಕೆಂಡ್ ತಪ್ಪುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು 9 ಡಿಗ್ರಿ. ಅಷ್ಟಕ್ಕೇ ಲೈನ್‌ನ ಹೊರೆಯ ಕರೆಂಟಿನ ಸುಮಾರು 16 ಶೇಕಡಾದಷ್ಟು ಸುಳ್ಳು ಡಿಫರೆನ್ಷಿಯಲ್ ಕರೆಂಟ್ ಕಾಣಿಸುತ್ತದೆ.

ವ್ಯತ್ಯಾಸ ಎರಡು ಕಡೆಯಿಂದ ನುಸುಳುತ್ತದೆ. ಮೊದಲನೆಯದು ಹಾದಿ. ಎಂಪಿಎಲ್‌ಎಸ್‌ನ ಫಾಸ್ಟ್ ರೀರೂಟ್ ಪ್ರತಿ ದಿಕ್ಕನ್ನೂ ಬೇರೆಬೇರೆಯಾಗಿ ರಕ್ಷಿಸುತ್ತದೆ. ಒಂದು ದಿಕ್ಕು ಸುತ್ತುಹಾದಿ ಹಿಡಿದಾಗ ಇನ್ನೊಂದು ಹಳೆಯ ಹಾದಿಯಲ್ಲೇ ಉಳಿಯಬಹುದು. ಎರಡನೆಯದನ್ನು ಹಲವರು ನೋಡುವುದೇ ಇಲ್ಲ, ಅದು ಜಿಟರ್ ಬಫರ್, ಅಂದರೆ ಏರುಪೇರಾಗಿ ಬರುವ ಪ್ಯಾಕೆಟ್‌ಗಳನ್ನು ಸಮನಾಗಿ ಹೊರಬಿಡಲು ಕೊಂಚ ಹೊತ್ತು ಹಿಡಿದಿಡುವ ಜಾಗ. ಇ1ಗೆ ಎಸ್‌ಎಟಿಒಪಿಯ (ಇ1ನ್ನು ಪ್ಯಾಕೆಟ್‌ಗಳಾಗಿ ಕತ್ತರಿಸುವ ಮಾನದಂಡ) ಡೀಫಾಲ್ಟ್ ಪ್ಯಾಕೆಟ್ 256 ಬೈಟ್, ಅಂದರೆ 1 ಮಿಲಿಸೆಕೆಂಡ್‌ನ ದತ್ತಾಂಶ. ಹಾದಿ ಬದಲಾದಾಗ ಎರಡೂ ತುದಿಗಳ ಬಫರ್‌ಗಳು ಖಾಲಿಯಾಗಿ ಮತ್ತೆ ತುಂಬುತ್ತವೆ, ಮತ್ತು ಎರಡೂ ಒಂದೇ ಮಟ್ಟಕ್ಕೆ ತುಂಬುತ್ತವೆಂಬ ಖಾತ್ರಿಯಿಲ್ಲ. ಹಾದಿ ಸಮನಾಗಿದ್ದರೂ ಒಂದು ಪ್ಯಾಕೆಟ್‌ನ ಅಂತರ ನಿಂತುಬಿಟ್ಟರೆ ಮೇಲೆ ಹೇಳಿದ 9 ಡಿಗ್ರಿ ಬಂದೇಬರುತ್ತದೆ. ಈ ಅಸಮತೆಯನ್ನು ಅಳೆದು ಸರಿಪಡಿಸುವ ಸೌಲಭ್ಯ ಕೆಲವು ರೂಟರ್‌ಗಳಲ್ಲಿದೆ. ನಿಮ್ಮದರಲ್ಲಿ ಇದ್ದರೆ ಇಂದೇ ಚಾಲೂ ಮಾಡಿ.

ಹಾದಿಗೆ ಎಂಪಿಎಲ್‌ಎಸ್-ಟಿಪಿ (ಹಾದಿಯನ್ನು ಮೊದಲೇ ಗೊತ್ತುಪಡಿಸುವ ಎಂಪಿಎಲ್‌ಎಸ್ ರೂಪ) ಬಳಸಿ, ಎರಡು ದಿಕ್ಕುಗಳೂ ಒಂದೇ ಕೊಂಡಿಗಳ ಮೂಲಕ ಹಾಯುವಂತೆ ಕಟ್ಟಿರಿ, ಹೊರಳುವಾಗಲೂ ಎರಡೂ ಒಟ್ಟಿಗೆ ಹೊರಳಲಿ. ಅದು ಸಾಧ್ಯವಿಲ್ಲದಿದ್ದರೆ ಸ್ಯೂಡೋವೈರ್ ರಿಡಂಡೆನ್ಸಿಯಲ್ಲಿ ಸ್ಥಿತಿ ಬಿಟ್ ವಿನಿಮಯವನ್ನು ಕಡ್ಡಾಯ ಮಾಡಿ. 2013ರ ಅಂತರ್ಜಾಲ ಮಾನದಂಡ ಆರ್‌ಎಫ್‌ಸಿ 6870 ಇದನ್ನೇ ವಿವರಿಸುತ್ತದೆ: ಸ್ವತಂತ್ರ ವಿಧಾನದಲ್ಲಿ ಎರಡೂ ತುದಿಗಳು ಸಕ್ರಿಯವೆಂದು ಹೇಳಿದ ಸ್ಯೂಡೋವೈರ್ ಮಾತ್ರ ಸಂಚಾರ ಒಯ್ಯುತ್ತದೆ.

ಮರುಪ್ರಶ್ನೆ: ಸರ್, ಹಾದಿ ಜೀವಂತವಾಗಿದೆಯೇ ಎಂದು ನೋಡುವ ಬಿಎಫ್‌ಡಿ ಸಂದೇಶಗಳ ಅಂತರ 50 ಮಿಲಿಸೆಕೆಂಡ್, ಗುಣಕ 3 (ಮೂರು ಸಂದೇಶ ತಪ್ಪಿದರೆ ದೋಷ) ಇಟ್ಟಿದ್ದೇವೆ. ಸಾಕೇ?

ಉತ್ತರ: ಸಾಲದು. ದೋಷ ಗೊತ್ತಾಗಲಿಕ್ಕೇ 150 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ರಿಲೇ ಕುರುಡು. ಹಾರ್ಡ್‌ವೇರ್ ಒಪ್ಪಿದರೆ 3.3 ಮಿಲಿಸೆಕೆಂಡ್ ಇಡಿ, 10ರಲ್ಲಿ ಪತ್ತೆಯಾಗುತ್ತದೆ. ಗಡಿಯಾರವನ್ನೂ ಗಮನಿಸಿ. ಪ್ಯಾಕೆಟ್ ಬರುವ ಲಯದಿಂದಲೇ ಸಮಯ ಹಿಡಿಯುವ ಅಡಾಪ್ಟಿವ್ ಕ್ಲಾಕ್ ಇದ್ದರೆ ಹೊಸ ಹಾದಿಯಲ್ಲಿ ಅದು ಮತ್ತೆ ಸ್ಥಿರವಾಗಲು ಸಮಯ ಬೇಕು. ಎರಡೂ ತುದಿಗಳನ್ನು ಸಿಂಕ್ರೋನಸ್ ಈಥರ್ನೆಟ್ ಮೂಲಕ ಒಂದೇ ಮೂಲಕ್ಕೆ ಕಟ್ಟಿದರೆ ಆ ಚಿಂತೆಯಿಲ್ಲ. ಮುಖ್ಯ ಹಾದಿ ಸರಿಹೋದ ತಕ್ಷಣ ತಾನಾಗಿ ಹಿಂದಿರುಗುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಒಂದೇ ದೋಷಕ್ಕೆ ರಿಲೇ ಎರಡು ಸಲ ಅಲುಗುತ್ತದೆ.

ಮತ್ತೊಬ್ಬ ಸದಸ್ಯೆ: ನಮ್ಮದು ಬರೀ ಇಪಿಎಬಿಎಕ್ಸ್‌ನ (ಕಚೇರಿಯ ದೂರವಾಣಿ ಎಕ್ಸ್‌ಚೇಂಜ್) ಇ1 ಸರ್. ಇಷ್ಟೆಲ್ಲ ಬೇಕೇ?

ಉತ್ತರ: ಬೇಡ ಮೇಡಂ. ಮಾತಿಗೆ ಈ ಅಸಮತೆ ತಟ್ಟುವುದಿಲ್ಲ. ಎರಡು ಸ್ಯೂಡೋವೈರ್‌ಗಳು ಒಂದೇ ರೂಟರಿನಲ್ಲಿ ಕೊನೆಗೊಳ್ಳದಂತೆ ಮಾತ್ರ ನೋಡಿಕೊಳ್ಳಿ.

ಮರುಪ್ರಶ್ನೆ: ನಮ್ಮ ಎರಡೂ ಹಾದಿಗಳು ಅದೇ ಲೈನ್‌ನ ಒಪಿಜಿಡಬ್ಲ್ಯೂ (ಗೋಪುರಗಳ ಮೇಲಿನ ನೆಲತಂತಿಯೊಳಗಿನ) ಫೈಬರಿನಲ್ಲೇ ಇವೆ ಸರ್, ಎಳೆಗಳು ಮಾತ್ರ ಬೇರೆ.

ಉತ್ತರ: ಹಾಗಾದರೆ ನಿಮಗೆ ಬ್ಯಾಕಪ್ ಇಲ್ಲ. ಗೋಪುರ ಬಿದ್ದರೆ ಆ ನೆಲತಂತಿಯೊಳಗಿನ ಎಳೆಗಳೆಲ್ಲ ಒಟ್ಟಿಗೆ ಹೋಗುತ್ತವೆ, ಅದೂ ಆ ಲೈನ್‌ಗೆ ರಕ್ಷಣೆ ಅತ್ಯಂತ ಬೇಕಾದ ಕ್ಷಣದಲ್ಲಿ. ಎರಡನೆಯ ಹಾದಿಯನ್ನು ಬೇರೆ ಲೈನ್‌ನ ಫೈಬರಿನಲ್ಲಿ ತನ್ನಿ. ಅದಕ್ಕಿಂತ ಉತ್ತಮವೆಂದರೆ, ರಿಲೇಗೆ ಎರಡು ಚಾನೆಲ್‌ಗಳಿದ್ದರೆ ಒಂದೊಂದನ್ನೂ ಸ್ಥಿರ ಹಾದಿಯಲ್ಲಿಟ್ಟು, ಆಯ್ಕೆಯನ್ನು ರಿಲೇಗೇ ಬಿಡಿ. ಆ ಸರ್ಕ್ಯೂಟ್‌ಗಳ ಮಟ್ಟಿಗೆ ಜಾಲ ತಾನಾಗಿ ಹಾದಿ ಬದಲಿಸದಿರುವುದೇ ಕ್ಷೇಮ. ಮುಂದಿನ ಪರೀಕ್ಷೆಯಲ್ಲಿ ಫೈಬರ್ ಜೋಡಿಯ ಒಂದು ಎಳೆಯನ್ನು ಮಾತ್ರ ತೆಗೆದು, ಎರಡೂ ತುದಿಗಳ ರಿಲೇ ತೋರಿಸುವ ವಿಳಂಬ ಮತ್ತು ಡಿಫರೆನ್ಷಿಯಲ್ ಕರೆಂಟನ್ನು ಇಲ್ಲಿ ಹಾಕಿ. ಟ್ರಿಪ್ ಬ್ಲಾಕ್ ಈ ಸಲವೂ ಇರಲಿ.